ಎರಡು ಗಂಟೆ ಕರೆಂಟ್, ಎರಡು ಗಂಟೆ ಕಟ್: ಸಂಜೆಗೆ ಇನ್ವರ್ಟರ್ ಕೈಕೊಡುತ್ತಿದೆ, ಹಿಟ್ಟಿನ ಗ್ರೈಂಡರ್‌ಗೆ ಏನು ದಾರಿ?

ನಿಗಡಿ ಹಿಟ್ಟಿನಮನೆ:
ಪುಣೆಯ ನಿಗಡಿಯಲ್ಲಿ ಮನೆಯಲ್ಲೇ ಇಡ್ಲಿ-ದೋಸೆ ಹಿಟ್ಟು ರುಬ್ಬಿ, ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುವ ಕೆಲಸ. 10 ಲೀಟರ್ ಟಿಲ್ಟಿಂಗ್ ಗ್ರೈಂಡರ್, ಮೋಟರ್ 1 ಎಚ್‌ಪಿ. ಒಂದು ಫ್ರಿಜ್, ಒಂದು ಚೆಸ್ಟ್ ಫ್ರೀಜರ್. ಇನ್ವರ್ಟರ್ 900 ವಿಎ, 150 ಎಎಚ್ (ಆಂಪಿಯರ್ × ಗಂಟೆ) ಟ್ಯೂಬ್ಯುಲರ್ ಬ್ಯಾಟರಿ. ಅದರ ಮೇಲೆ ಎರಡು ಫ್ಯಾನ್, ನಾಲ್ಕು ಎಲ್‌ಇಡಿ, ವೈಫೈ. ಸರದಿ ಕಟ್ ಇದ್ದ ದಿನ ಬೆಳಿಗ್ಗೆ ಚೆನ್ನಾಗಿಯೇ ನಡೆಯುತ್ತದೆ, ಸಂಜೆಗೆ ಬೀಪ್ ಹೊಡೆದು ಆಫ್ ಆಗುತ್ತದೆ. ಬ್ಯಾಟರಿಗೆ ಒಂದೇ ವರ್ಷ. ಇನ್ನೊಂದು ಬ್ಯಾಟರಿ ಸೇರಿಸಬೇಕೇ? ಗ್ರೈಂಡರನ್ನೂ ಇನ್ವರ್ಟರ್ ಮೇಲೆ ಓಡಿಸಬಹುದೇ? ಹಿಟ್ಟು ಹುಳಿಯಾಗದಂತೆ ಏನು ಮಾಡಬೇಕು?

ಭೋಸರಿ ವೈರ್‌ಮನ್:
ಅಕ್ಕಾರೇ, ಬ್ಯಾಟರಿ ಕೆಟ್ಟಿರಲಿಕ್ಕಿಲ್ಲ, ಅದಕ್ಕೆ ತುಂಬಿಕೊಳ್ಳಲು ಹೊತ್ತು ಸಿಗುತ್ತಿಲ್ಲ. ಲೆಕ್ಕ ನೋಡಿ. ಹಳೆ ಮಾದರಿಯ ಎರಡು ಫ್ಯಾನ್ 150 ವ್ಯಾಟ್, ನಾಲ್ಕು ಬಲ್ಬ್ 36, ರೂಟರ್ 12: ಹತ್ತಿರ ಹತ್ತಿರ 200 ವ್ಯಾಟ್. ಇನ್ವರ್ಟರಿನೊಳಗಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 20 ಆಂಪಿಯರ್ ಎಳೆಯುತ್ತದೆ, ಎರಡು ಗಂಟೆಗೆ 40 ಎಎಚ್ ಖರ್ಚು. ಕರೆಂಟ್ ಬಂದ ಮೇಲೆ ಚಾರ್ಜರ್ ಕೊಡುವುದು 15 ಆಂಪಿಯರ್. ಎರಡು ಗಂಟೆಯಲ್ಲಿ 30, ಅದರಲ್ಲಿ ಉಳಿಯುವುದು 25ರಷ್ಟು. ಅಂದರೆ ಪ್ರತಿ ಸುತ್ತಿಗೆ 15 ಎಎಚ್ ಸಾಲ. ನಾಲ್ಕನೇ ಕಟ್ ಮುಗಿಯುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ. ಹೀಗೆ ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಇಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ನಿಜವಾಗಿಯೂ ಕೆಡುತ್ತದೆ.

ಅದೇ ಇನ್ವರ್ಟರಿಗೆ ಪಕ್ಕದಲ್ಲಿ ಎರಡನೇ ಬ್ಯಾಟರಿ ಕಟ್ಟಿದರೆ ಸಾಲ ತೀರುವುದಿಲ್ಲ. ಅದೇ 15 ಆಂಪಿಯರ್ ಎರಡಕ್ಕೂ ಹಂಚಿಹೋಗುತ್ತದೆ, ತೊಂದರೆ ಒಂದೆರಡು ದಿನ ಮುಂದೆ ಹೋಗುತ್ತದೆ ಅಷ್ಟೇ. ಆ ದುಡ್ಡಿನಲ್ಲಿ ಎರಡೂ ಫ್ಯಾನ್ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟರಿನದು) ಹಾಕಿಸಿ. ಒಂದೊಂದು ಜೋರಾಗಿ ತಿರುಗಿದರೂ ಸುಮಾರು 30 ವ್ಯಾಟ್. ಒಟ್ಟು ಲೋಡ್ 108ಕ್ಕೆ ಇಳಿಯುತ್ತದೆ, ಎರಡು ಗಂಟೆಗೆ ಖರ್ಚು 22 ಎಎಚ್, ವಾಪಸ್ ಬರುವುದು 25. ಲೆಕ್ಕ ಸರಿಹೋಯಿತು.

ಇನ್ವರ್ಟರಿನ ಹಿಂದೆ ಚಾರ್ಜಿಂಗ್ ಸ್ವಿಚ್ ಇದ್ದರೆ ಲೋ ಮೇಲಿದೆಯೋ ನೋಡಿ. 150 ಎಎಚ್‌ಗೆ 15 ಆಂಪಿಯರ್ ತನಕ ಕೊಡಬಹುದು. ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಪೂರ್ತಿ ಚಾರ್ಜ್ ಆದಾಗ 1.24ರ ಆಸುಪಾಸು ಇರಬೇಕು. ಕಟ್ ಹೆಚ್ಚಿದ್ದ ತಿಂಗಳು ಡಿಸ್ಟಿಲ್ಡ್ ವಾಟರ್ ಮಟ್ಟ ತಿಂಗಳಿಗೊಮ್ಮೆ ನೋಡಿ. ಬ್ಯಾಟರಿ ಗ್ಯಾಸ್ ಒಲೆಯ ಹತ್ತಿರ ಮಾತ್ರ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ಗ್ರೈಂಡರ್ ಇದರ ಮೇಲೆ ಓಡುವುದಿಲ್ಲ. 1 ಎಚ್‌ಪಿ ಎಂದರೆ 746 ವ್ಯಾಟ್ ಕೆಲಸ. ಎಳೆಯುವುದು ಅದಕ್ಕಿಂತ ಹೆಚ್ಚು, ಸ್ಟಾರ್ಟ್ ಆಗುವಾಗ ಐದಾರು ಪಟ್ಟು.

ಉಡುಪಿ ಅಡುಗೆಮನೆ, ಕೋಥರೂಡ್:
ಗ್ರೈಂಡರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಮೋಟರ್ ಸುಡುವುದು ಹೆಚ್ಚಾಗಿ ಕರೆಂಟ್ ಹೋದಾಗ ಅಲ್ಲ, ಬಂದಾಗ. ನಿಂತ ತಕ್ಷಣ ಸ್ವಿಚ್ ಆಫ್ ಮಾಡಿ. ಬಿಟ್ಟರೆ, ಇಡೀ ಫೀಡರಿನ (ಏರಿಯಾಕ್ಕೆ ಕರೆಂಟ್ ತರುವ ಲೈನಿನ) ಲೋಡ್ ಒಟ್ಟಿಗೆ ಏರಿ ವೋಲ್ಟೇಜ್ ಕುಸಿದಿರುವಾಗಲೇ ತುಂಬಿದ ಡ್ರಮ್ ಹೊತ್ತು ಮೋಟರ್ ಎದ್ದೇಳಲು ಹೋಗುತ್ತದೆ. ತಿರುಗದೆ ಗುಂಯ್ ಎನ್ನುತ್ತ ನಿಂತರೆ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಕೆಲವೇ ನಿಮಿಷದಲ್ಲಿ ಕಾದು ಸುಡುತ್ತದೆ. ಕರೆಂಟ್ ಬಂದ ಮೇಲೆ ಐದು ನಿಮಿಷ ಬಿಟ್ಟು, ಅರ್ಧ ಹಿಟ್ಟು ತೆಗೆದು, ಕಲ್ಲಿನ ಒತ್ತಡ ಸಡಿಲಿಸಿ ಶುರು ಮಾಡಿ.

ಅಕ್ಕಿಗಿಂತ ಉದ್ದಿನ ಚಿಂತೆ ಜಾಸ್ತಿ. ಅರ್ಧ ರುಬ್ಬಿದ ಉದ್ದು ಬೆಚ್ಚಗೆ ನಿಂತರೆ ಉಬ್ಬಿದ್ದು ಇಳಿದುಹೋಗುತ್ತದೆ, ಇಡ್ಲಿ ಗಟ್ಟಿ. ಹಾಗಾಗಿ ಉದ್ದನ್ನು ಫ್ರಿಜ್‌ನಲ್ಲೇ ನೆನೆಹಾಕಿ, ಕರೆಂಟ್ ಬಂದ ಕೂಡಲೇ ಮೊದಲು ಅದನ್ನೇ ತಣ್ಣೀರು ಹಾಕಿ ರುಬ್ಬಿ. ಅಕ್ಕಿ ಮುಂದಿನ ಸರದಿಗೆ ಕಾಯಬಲ್ಲದು.

ತಂಪು ಉಳಿಸಲು ಬ್ಯಾಟರಿಗಿಂತ ಐಸ್ ಅಗ್ಗ. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ತುಂಬಿ (ಪೂರ್ತಿ ತುಂಬಿದರೆ ಒಡೆಯುತ್ತದೆ) ಚೆಸ್ಟ್ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಕಟ್ ಆದಾಗ ಹಿಟ್ಟಿನ ಪ್ಯಾಕೆಟ್‌ಗಳ ನಡುವೆ ಇಡಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಡೆಯುತ್ತದೆ. ಅಂಗಡಿಗೆ ಹೋಗುವ ಪ್ಯಾಕೆಟ್‌ಗಳನ್ನು ಕಟ್‌ಗೆ ಮೊದಲೇ ಥರ್ಮೋಕೋಲ್ ಪೆಟ್ಟಿಗೆಗೆ ಹಾಕಿಬಿಡಿ.

ನಿಗಡಿ ಹಿಟ್ಟಿನಮನೆ:
ಇಬ್ಬರಿಗೂ ಧನ್ಯವಾದ. ಸಣ್ಣ ಪೆಟ್ರೋಲ್ ಜನರೇಟರ್ ತಂದು ಬಾಲ್ಕನಿಯಲ್ಲಿ ಇಟ್ಟರೆ? ಕಟ್ ಆಗುವ ಸಮಯ ಮೊದಲೇ ತಿಳಿಯುವ ದಾರಿ ಇದೆಯೇ?

ಭೋಸರಿ ವೈರ್‌ಮನ್:
ಬಾಲ್ಕನಿ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಕಿಟಕಿಯಿಂದ ಒಳಗೆ ಬರುತ್ತದೆ, ಮಲಗಿದವರು ಏಳುವುದಿಲ್ಲ. ಕೆಳಗೆ ತೆರೆದ ಜಾಗ ಸಿಕ್ಕರೆ ಮಾತ್ರ ಯೋಚಿಸಿ, ಅದೂ 3 ಕೆವಿಎಗೆ ಕಡಿಮೆ ಬೇಡ. ಜನರೇಟರ್ ಓಡುವಾಗ ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಪ್ಲಗ್‌ಗೆ ನೇರ ಜೋಡಿಸಿದರೆ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಕುತ್ತು.

ಸಮಯಕ್ಕೆ, ಬಿಲ್‌ನಲ್ಲಿರುವ 12 ಅಂಕಿಯ ಗ್ರಾಹಕ ಸಂಖ್ಯೆಯ ಜೊತೆ ಮೊಬೈಲ್ ನಂಬರ್ ನೋಂದಾಯಿಸಿಕೊಳ್ಳಿ, ಮಹಾವಿತರಣದ (ಇಲ್ಲಿಗೆ ಕರೆಂಟ್ ಕೊಡುವ ಕಂಪನಿಯ) ಸಂದೇಶ ಬರುತ್ತದೆ; ಕೇಳಬೇಕಿದ್ದರೆ 1912. ಪುಣೆಯಲ್ಲಿ ಗುರುವಾರ ಆಗುವ ಕಟ್ ದುರಸ್ತಿಯದು, ಭಾರನಿಯಮನದ (ಲೋಡ್ ಶೆಡ್ಡಿಂಗ್) ಸರದಿ ಬೇರೆ. ಅದು ನಷ್ಟ ಮತ್ತು ಬಿಲ್ ವಸೂಲಿಯ ಮೇಲೆ ಮಾಡಿದ ಎ-ಯಿಂದ ಜಿ ತನಕದ ಗುಂಪುಗಳ ಪ್ರಕಾರ, ನಷ್ಟ ಹೆಚ್ಚಿದ್ದ ಫೀಡರಿಗೆ ಮೊದಲು. ಎದುರು ಕಟ್ಟಡದ ಫೀಡರ್ ಬೇರೆ ಇರಬಹುದು, ಅವರ ಸಮಯ ನೋಡಿ ಉದ್ದು ನೆನೆಹಾಕಬೇಡಿ.