ಕೂಬರ್ ಪೀಡಿ: ಫೆಬ್ರವರಿಯಾ, ಮಳೆಗಾಲವಾ?

ಮೂಡಿಗೆರೆ ತೋಟದವ:
ತಂಗಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದಾಳೆ. ಅಮ್ಮನನ್ನ ಕರ್ಕೊಂಡು ಹೋಗ್ತಿದ್ದೀವಿ. ಅಲ್ಲಿಂದ ಕೂಬರ್ ಪೀಡಿ ನೋಡೋ ಆಸೆ, ಜನ ನೆಲದೊಳಗೇ ಮನೆ ಮಾಡ್ಕೊಂಡಿರೋ ಊರು, ಬಣ್ಣ ಆಡೋ ಓಪಲ್ ರತ್ನದ ಗಣಿಗಳಿರೋದು. ರೋಬಸ್ಟಾ ಕುಯ್ಲು ಮುಗಿಸ್ಕೊಂಡು ಫೆಬ್ರವರಿ ಕೊನೇಲಿ ಹೊರಡೋದಾ, ನಮ್ಮ ಮಳೆಗಾಲದಲ್ಲಾ? ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿನಾ? ಯಾರಾದ್ರೂ ಹೋಗಿದ್ದೀರಾ?

ಬಸವನಹಳ್ಳಿ ಭಾವ:
ಮಳೆಗಾಲದಲ್ಲಿ ಹೋಗಿ ಮಾರಾಯ್ರೆ. ಫೆಬ್ರವರಿಯಲ್ಲಿ ಅಲ್ಲಿ 40 ಡಿಗ್ರಿ ದಾಟೋದು ಮಾಮೂಲಿ, ನೊಣದ ಕಾಟ ಬೇರೆ. ಜೂನ್-ಜುಲೈ ಅವರ ಚಳಿಗಾಲ, ಹಗಲು ಹಿತವಾಗಿರುತ್ತೆ. ರಾತ್ರಿಗೆ ಸ್ವೆಟರ್ ಬೇಕು. ವರ್ಷಕ್ಕೆ ಬೀಳೋ ಮಳೆ ಐದಾರು ಇಂಚು. ನಿಮ್ಮ ಕಡೆ ಜುಲೈನಲ್ಲಿ ಒಂದೇ ದಿನ ಅಷ್ಟು ಸುರಿದ್ರೂ ಯಾರೂ ತಿರುಗಿ ನೋಡಲ್ಲ!

ಮೆಟ್ಟಿಲಿನ ಚಿಂತೆ ಬೇಡ. ಹೆಚ್ಚಿನ ಮನೆಗಳು ಬಾವಿ ಥರ ಕೆಳಗಿಳಿಯಲ್ಲ, ಗುಡ್ಡದ ಪಕ್ಕಕ್ಕೆ ಅಡ್ಡಡ್ಡ ಕೊರೆದಿರೋವು. ಆದ್ರೂ ಬುಕ್ ಮಾಡೋ ಮುಂಚೆ ಕೇಳ್ಕೊಳ್ಳಿ. ನಾವಿದ್ದ ರೂಮಿನ ಗೋಡೆ ತುಂಬಾ ಕೊರೆಯೋ ಯಂತ್ರದ ಗುಂಡು ಗುಂಡು ಗೀರು, ಧೂಳು ಉದುರದ ಹಾಗೆ ಮೇಲೆ ವಾರ್ನಿಷ್. ಹೊರಗೆ ಏನೇ ಇರ್ಲಿ, ಒಳಗೆ ಸುಮಾರು 24 ಡಿಗ್ರಿ. ಕಿಟಕಿ ಇಲ್ಲ. ಲೈಟ್ ಆರಿಸಿದ್ರೆ ಕಣ್ಣು ಮುಚ್ಚಿದ್ದೀವಾ ತೆರೆದಿದ್ದೀವಾ ಗೊತ್ತಾಗಲ್ಲ, ಅಮ್ಮನ ತಲೆದಿಂಬಿನ ಹತ್ರ ಟಾರ್ಚ್ ಇಡಿ. ಒಂದು ರಾತ್ರಿನಾದ್ರೂ ಅಲ್ಲಿ ಮಲಗದೆ ವಾಪಸ್ ಬಂದ್ರೆ ಹೋಗಿದ್ದೇ ದಂಡ.

ಕಾರಲ್ಲಾದ್ರೆ ಅಡಿಲೇಡ್‌ನಿಂದ ಸುಮಾರು 850 ಕಿ.ಮೀ. ರಸ್ತೆ ಚೆನ್ನಾಗಿದೆ, ಆದ್ರೆ ದಾರೀಲಿ ಸಿಗೋ ಗ್ಲೆಂಡಾಂಬೊ ಬಿಟ್ರೆ ಆಮೇಲೆ ಸುಮಾರು 250 ಕಿ.ಮೀ. ಪೆಟ್ರೋಲ್ ಬಂಕೇ ಇಲ್ಲ. ಚಳಿಗಾಲದಲ್ಲಿ ಸಂಜೆ ಆರರ ಸುಮಾರಿಗೆ ಕತ್ತಲೆ. ಕಾಂಗರೂಗಳು ರಸ್ತೆಗೆ ಬರೋದೇ ಆವಾಗ. ಮಧ್ಯೆ ಸಿಗೋ ಪೋರ್ಟ್ ಅಗಸ್ಟಾದಲ್ಲಿ ಉಳ್ಕೊಂಡು ಬೆಳಿಗ್ಗೆ ಹೊರಡಿ.

ಇನ್ನೊಂದು ಮಾತು. ಊರ ಸುತ್ತ ತೆರೆದ ಗಣಿ ಗುಂಡಿಗಳು ಲಕ್ಷಗಟ್ಟಲೆ ಇವೆ. ಫೋಟೋ ತೆಗೆಯೋಕೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ. ಮಕ್ಕಳಿದ್ರೆ ಕೈ ಬಿಡಬೇಡಿ.

ಹಾಸನದ ಶೈಲಜಾ:
ಅಣ್ಣ, ಓಪಲ್ ತಗೊಳ್ಳೋದಾದ್ರೆ 'ಸಾಲಿಡ್'ಆ, 'ಡಬ್ಲೆಟ್'ಆ ಅಂತ ಕೇಳಿ. ಸಾಲಿಡ್ ಅಂದ್ರೆ ಪೂರ್ತಿ ಓಪಲ್ಲೇ. ಡಬ್ಲೆಟ್ ಅಂದ್ರೆ ತೆಳು ಓಪಲ್ ಚೂರನ್ನ ಕಪ್ಪು ಹಿನ್ನೆಲೆಗೆ ಅಂಟಿಸಿರೋದು. ಮೇಲೆ ಗಾಜಿನಂಥ ಪದರವೂ ಇದ್ರೆ ಟ್ರಿಪ್ಲೆಟ್. ನೀರಲ್ಲಿ ನೆನೆದ್ರೆ ಅಂಟು ಬಿಡುತ್ತೆ, ಪಾತ್ರೆ ತೊಳೆಯೋ ಕೈಗಲ್ಲ ಅದು. ಜ್ಯುವೆಲರ್ಸ್ ಶಾಪ್ ರೋಡ್ ಹತ್ರ ಗಣಿ ಮಣ್ಣಿನ ರಾಶಿ ಕೆದಕಿ ಹುಡುಕೋಕೆ ಎಲ್ಲರಿಗೂ ಬಿಟ್ಟಿರೋ ಜಾಗ ಇದೆ. ನಮ್ಮತ್ತೆ ಅಕ್ಕಿ ಆರಿಸೋ ಹಾಗೆ ಕೂತು ಬೂದು ಬಣ್ಣದ ಚೂರುಗಳನ್ನ ಗುಡ್ಡೆ ಹಾಕಿದ್ರು, ಒಂದರಲ್ಲೂ ಬಣ್ಣ ಆಡ್ಲಿಲ್ಲ. ಬೇಲಿ ಹಾಕಿರೋ, ಗೂಟ ನೆಟ್ಟಿರೋ ಜಾಗಕ್ಕೆ ಮಾತ್ರ ಕಾಲಿಡಬೇಡಿ. ಸರ್ಬಿಯನ್ ಚರ್ಚೂ ನೆಲದೊಳಗೇ ಇದೆ, ಅಮ್ಮನಿಗೆ ತೋರ್ಸಿ.

ಮೂಡಿಗೆರೆ ತೋಟದವ:
ಇಬ್ಬರಿಗೂ ಥ್ಯಾಂಕ್ಸ್. ಜುಲೈ ಅಂತ ಮಾಡ್ದೆ. ಚಟ್ನಿಪುಡಿ, ಕಾಫಿಪುಡಿ ತಗೊಂಡೋಗಬಹುದಾ? ರೈಲಿದ್ಯಾ?

ಬಸವನಹಳ್ಳಿ ಭಾವ:
ತಿನ್ನೋದು ಏನೇ ಇದ್ರೂ ಏರ್‌ಪೋರ್ಟ್ ಫಾರಂನಲ್ಲಿ ಬರೀರಿ, ಮುಚ್ಚಿಟ್ರೆ ದಂಡ. ಹಸಿ ಕಾಫಿಬೀಜದ ಸಹವಾಸ ಬೇಡ. ಅಡಿಲೇಡ್-ಡಾರ್ವಿನ್ ಮಧ್ಯೆ ಓಡೋ ಘಾನ್ ರೈಲು ನಿಲ್ಲೋ ಮಂಗೂರಿ ಅನ್ನೋ ಜಾಗ ಕೂಬರ್ ಪೀಡಿಯಿಂದ ಸುಮಾರು 40 ಕಿ.ಮೀ. ಆಚೆ, ನಿಮಗೆ ಉಪಯೋಗಕ್ಕೆ ಬರಲ್ಲ. ಅಡಿಲೇಡ್‌ನಿಂದ ಉತ್ತರಕ್ಕೆ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗೋ ಬಸ್ಸು ಊರೊಳಗೇ ನಿಲ್ಲುತ್ತೆ, ಆದ್ರೆ ಅಮ್ಮನ ಮಂಡಿಗೆ ಕಾರೇ ಸರಿ.