ಇಗ್ನಿಷನ್ ಕಾಯಿಲ್ ಬಿಚ್ಚೋದು, ಮತ್ತೆ ಕೂರಿಸೋದು: ಮೆಕ್ಯಾನಿಕ್ ಅಣ್ಣನಿಗೆ ಕೇಳಿ

ಅಡ್ಮಿನ್: ಈ ಭಾನುವಾರದ ವಿಷಯ ಇಗ್ನಿಷನ್ ಕಾಯಿಲ್, ಅಂದರೆ ಪ್ಲಗ್ಗಿನಲ್ಲಿ ಸ್ಪಾರ್ಕ್ ಹಾರಲು ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ. ಶಿವಮೊಗ್ಗದಲ್ಲಿ ಸ್ವಂತ ಗ್ಯಾರೇಜ್ ಇಟ್ಟಿರುವ ನಮ್ಮ ಮೆಕ್ಯಾನಿಕ್ ಅಣ್ಣ ಉತ್ತರ ಕೊಡುತ್ತಾರೆ. ಗಾಡಿ ಯಾವುದು, ತೊಂದರೆ ಯಾವಾಗ ಬರುತ್ತದೆ, ಈಗಾಗಲೇ ಏನೇನು ಬಿಚ್ಚಿದ್ದೀರಿ, ಇಷ್ಟು ಬರೆಯಿರಿ.

ಹಾಸನ: ಅಣ್ಣಾ ನಮಸ್ಕಾರ. ನನ್ನದು ಸ್ಪ್ಲೆಂಡರ್. ಅರ್ಧ ಗಂಟೆ ಓಡಿಸಿದ ಮೇಲೆ ತಾನೇ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಎಲ್ಲರೂ ಕಾಯಿಲ್ ಬದಲಾಯಿಸು ಅಂತಾರೆ. ಬದಲಾಯಿಸಲಾ?

ಮೆಕ್ಯಾನಿಕ್: ನಮಸ್ಕಾರ. ಈಗಲೇ ಬೇಡ. ಮುಂದಿನ ಸಲ ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆರೆದು ಒಂದೆರಡು ನಿಮಿಷ ಬಿಡಿ. ಅಷ್ಟಕ್ಕೇ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಕಾಯಿಲ್ ತಪ್ಪಲ್ಲ. ಆಗದಿದ್ದರೆ ಮುಚ್ಚಳ ಭದ್ರವಾಗಿ ಹಾಕಿ, ಆಮೇಲೆ ಸ್ಪಾರ್ಕ್ ನೋಡಿ. ನಿಂತ ಜಾಗದಲ್ಲೇ ನೋಡಬೇಕು. ತಣ್ಣಗಾದ ಮೇಲೆ ಸ್ಪಾರ್ಕ್ ಚೆನ್ನಾಗೇ ಬರುತ್ತದೆ. ಒಂದು ಹಳೇ ಪ್ಲಗ್ ಜೊತೆಗಿಟ್ಟುಕೊಳ್ಳಿ. ಎಂಜಿನ್ನಿನ ಪ್ಲಗ್ ಬಿಚ್ಚಬೇಡಿ, ಕ್ಯಾಪ್ ಮಾತ್ರ ತೆಗೆದು ಹಳೇ ಪ್ಲಗ್ಗಿಗೆ ಹಾಕಿ. ಅದರ ಲೋಹದ ಮೈ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ತಾಗಿ ನಿಲ್ಲುವ ಹಾಗೆ ಇಟ್ಟು ಕಿಕ್ ಹೊಡೆಯಿರಿ. ಕೈಯಲ್ಲಿ ಹಿಡಿಯಬೇಡಿ. ಸ್ಪಾರ್ಕ್ ಇಲ್ಲದಿದ್ದರೆ ಕಾಯಿಲ್ ಇರಬಹುದು, ಸ್ಪಾರ್ಕ್ ಯಾವಾಗ ಹಾರಬೇಕು ಅಂತ ಸಿಗ್ನಲ್ ಕೊಡುವ, ಮ್ಯಾಗ್ನೆಟ್ ಪಕ್ಕದ ಪಿಕಪ್ ಕಾಯಿಲ್ಲೂ ಇರಬಹುದು. ಎರಡೂ ಬಿಸಿಗೆ ಹೀಗೇ ಕೈಕೊಡುತ್ತವೆ.

ಹುಬ್ಬಳ್ಳಿ: ಅಣ್ಣಾರ, ಪಲ್ಸರ್ 150 ಐತ್ರಿ, ಹಳೇ ಡಿಟಿಎಸ್-ಐ. ಪಿಕಪ್ ಇಲ್ಲ, ಮೈಲೇಜ್ ಬಿದ್ದೈತಿ. ಗಾಡಿ ಮಾತ್ರ ಚಾಲೂ ಆಗ್ತೈತಿ. ಕಾಯಿಲ್ ಹೋಗಿದ್ರ ಚಾಲೂನ ಆಗಬಾರದಲ್ರಿ?

ಮೆಕ್ಯಾನಿಕ್: ಒಳ್ಳೆ ಪ್ರಶ್ನೆ ಸರ್. ನಿಮ್ಮ ಗಾಡಿಯಲ್ಲಿ ಒಂದೇ ಸಿಲಿಂಡರಿಗೆ ಎರಡು ಪ್ಲಗ್, ಎರಡು ಕಾಯಿಲ್. ಒಂದು ಸತ್ತರೂ ಇನ್ನೊಂದು ಎಳೆಯುತ್ತದೆ. ಹಾಗಾಗಿ ಎಷ್ಟೋ ಜನ ತಿಂಗಳುಗಟ್ಟಲೆ ಒಂದೇ ಪ್ಲಗ್ಗಿನಲ್ಲಿ ಓಡಿಸಿ, ಕಾರ್ಬ್ಯುರೇಟರ್ ಟ್ಯೂನಿಂಗಿಗೆ ದುಡ್ಡು ಸುರಿಯುತ್ತಾರೆ. ಎಂಜಿನ್ ಆಫ್ ಮಾಡಿ ಒಂದು ಕ್ಯಾಪ್ ತೆಗೆಯಿರಿ. ಆ ಕ್ಯಾಪಿಗೆ ಹಳೇ ಪ್ಲಗ್ ಹಾಕಿ ಅರ್ತ್ ಮಾಡಿ, ಅಂದರೆ ಅದರ ಲೋಹದ ಮೈ ಹೆಡ್ಡಿಗೆ ತಾಗಿರಲಿ. ಈಗ ಸ್ಟಾರ್ಟ್ ಮಾಡಿದರೆ ಉಳಿದ ಒಂದರಲ್ಲೇ ಓಡಬೇಕು. ಆಮೇಲೆ ಇನ್ನೊಂದಕ್ಕೂ ಇದೇ. ಯಾವುದನ್ನು ತೆಗೆದಾಗ ಗಾಡಿ ಸ್ಟಾರ್ಟೇ ಆಗುವುದಿಲ್ಲವೋ, ಅದರ ಎದುರಿನದು ಸತ್ತಿದೆ. ಕಾಯಿಲ್ ಕೊಳ್ಳುವ ಮುಂಚೆ ಕ್ಯಾಪನ್ನು ತಿರುಗಿಸಿ ವೈರಿನಿಂದ ಬಿಚ್ಚಿ. ವೈರಿನ ತುದಿ ಹಸಿರು ಕಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ತುಮಕೂರು: (ಫಾರ್ವರ್ಡ್ ಆಗಿದ್ದು) ಕಾಯಿಲ್ ವೀಕ್ ಆಗಿದೆಯೇ? ಹೊಸದು ಕೊಳ್ಳಬೇಡಿ! ಕಾಯಿಲ್ ಬಿಚ್ಚಿ ದೋಸೆ ಹೆಂಚಿನ ಮೇಲೆ 10 ನಿಮಿಷ ಬಿಸಿ ಮಾಡಿ, ಬಿರುಕಿಗೆ ನೇಲ್ ಪಾಲಿಶ್ ಹಚ್ಚಿ. ಪ್ಲಗ್ ಕ್ಯಾಪಿಗೆ ವ್ಯಾಸಲಿನ್ ತುಂಬಿ. ಸ್ಪಾರ್ಕ್ ಡಬಲ್! ಎಲ್ಲರಿಗೂ ಶೇರ್ ಮಾಡಿ.

ಮೆಕ್ಯಾನಿಕ್: ಇದನ್ನು ಯಾರೂ ಮಾಡಬೇಡಿ. ಕಾಯಿಲ್ ಒಳಗೆ ಕೂದಲಿಗಿಂತ ಸಣ್ಣ ತಂತಿ ಸಾವಿರಾರು ಸುತ್ತು ಇರುತ್ತದೆ, ಅದರ ಸುತ್ತ ಎಪಾಕ್ಸಿ ಅನ್ನುವ ಗಟ್ಟಿ ಅಂಟು. ಹೆಂಚಿನ ಬಿಸಿಗೆ ಎಪಾಕ್ಸಿ ಬಿರಿಯುತ್ತದೆ. ನೇಲ್ ಪಾಲಿಶ್ 20,000 ವೋಲ್ಟ್ ತಡೆಯುವ ವಸ್ತು ಅಲ್ಲ. ವ್ಯಾಸಲಿನ್ ಪೆಟ್ರೋಲಿಯಂನಿಂದ ಬಂದದ್ದು, ಕೆಲವು ರಬ್ಬರ್ ಅದಕ್ಕೆ ಊದಿಕೊಳ್ಳುತ್ತವೆ. ಹಚ್ಚಲೇಬೇಕಿದ್ದರೆ ಸಿಲಿಕೋನ್ ಗ್ರೀಸ್, ಅದೂ ರಬ್ಬರಿನ ಬಾಯಿಯ ಒಳಗೆ ತೆಳ್ಳಗೆ.

ಶಿರಸಿ: ಅಣ್ಣಾ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ನಿಂಜಾ 300. ಮೊನ್ನೆ ದೇವಿಮನೆ ಘಾಟಿ ಇಳಿಯುವಾಗ ಜೋರು ಮಳೆ. ಕುಮಟಾ ತಲುಪುವಷ್ಟರಲ್ಲಿ ಒಂದೇ ಸಿಲಿಂಡರಿನಲ್ಲಿ ಓಡುತ್ತಿತ್ತು. ಬಿಸಿಲಿಗೆ ನಿಲ್ಲಿಸಿದೆ, ಸರಿಹೋಯಿತು. ಮರುದಿನ ಮನೆಯಲ್ಲಿ ನೀರು ಹೊಡೆದು ತೊಳೆದೆ, ಮತ್ತೆ ಅದೇ ಕಥೆ. ಈಗ ಟ್ಯಾಂಕ್ ತೆಗೆದಿದ್ದೇನೆ. ಎಡಗಡೆ ಸ್ಟಿಕ್ ಕಾಯಿಲ್ ಬಂತು, ಕೆಳಗೆ ನೀರು, ತುಕ್ಕು. ಬಲಗಡೆಯದು ಮೇಲೆ ಬರುತ್ತಲೇ ಇಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ, ಆಗಲಿಲ್ಲ. ಎಡಗಡೆಯದನ್ನು ಹಾಗೇ ನೇತುಹಾಕಿ ಸ್ಪಾರ್ಕ್ ಬರುತ್ತಾ ಅಂತ ಸೆಲ್ಫ್ ಹೊಡೆದೆ, ಏನೂ ಕಾಣಲಿಲ್ಲ. ಈಗ ಪ್ಲೇಯರ್ ಹಾಕಿ ಎಳೆಯಲಾ?

ಮೆಕ್ಯಾನಿಕ್: ಪ್ಲೇಯರ್ ಕೆಳಗಿಡಿ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ನಿಮ್ಮ ವಿಷಯದಲ್ಲಿ ನನಗೆ ಎರಡು ಚಿಂತೆ ಇದೆ, ಅದಕ್ಕೇ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು, ನೇತುಹಾಕಿ ಸೆಲ್ಫ್ ಹೊಡೆದದ್ದು. ಕಾಯಿಲ್‌ನಲ್ಲಿ ಹುಟ್ಟಿದ ವೋಲ್ಟೇಜ್ ಎಲ್ಲಿಗಾದರೂ ಹೋಗಲೇಬೇಕು. ಪ್ಲಗ್ಗಿನ ಗ್ಯಾಪ್ ಸಿಕ್ಕರೆ ಅಲ್ಲಿ ಹಾರುತ್ತದೆ. ಸಿಗದಿದ್ದರೆ ಏರುತ್ತಾ ಏರುತ್ತಾ ಕಾಯಿಲ್ ಒಳಗಿನ ಇನ್ಸುಲೇಷನ್ನನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಕಾಯಿಲನ್ನು ಓಡಿಸುವ ಟ್ರಾನ್ಸಿಸ್ಟರ್ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಒಳಗಿದ್ದರೆ ಅದಕ್ಕೂ ಪೆಟ್ಟು. ಒಂದೆರಡು ಸಲ ಮಾಡಿದ್ದರೆ ಉಳಿದಿರಬಹುದು. ಇನ್ನು ಮಾಡಬೇಡಿ. ಅದರ ಮೇಲೆ ನೀವು ಟ್ಯಾಂಕ್ ತೆಗೆದಿದ್ದೀರಿ. ಇದು ಇಂಜೆಕ್ಷನ್ ಗಾಡಿ, ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ. ಪೈಪಿನ ಬಾಯಲ್ಲಿ, ಹೆಡ್ ಮೇಲೆ ಹನಿ ಬಿದ್ದಿರುತ್ತದೆ. ಅಲ್ಲಿ ಸ್ಪಾರ್ಕ್ ಹಾರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಟ್ಯಾಂಕ್ ಈಗಲೂ ಅದೇ ಕೋಣೆಯಲ್ಲಿದ್ದರೆ ಹೊರಗಿಡಿ.

ಎರಡನೆಯದು, ಮೀಟಿದ್ದು. ಸ್ಟಿಕ್ ಕಾಯಿಲ್ ಅಂದರೆ ಕ್ಯಾಪ್ ಒಳಗೇ ಪೂರ್ತಿ ಕಾಯಿಲ್. ಓರೆ ಮಾಡಿ ಮೀಟಿದರೆ ಮೈಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಕಣ್ಣಿಗೆ ಕಾಣದು. ಮುಂದಿನ ಮಳೆಗೆ ಸ್ಪಾರ್ಕ್ ಅದೇ ಬಿರುಕಿನಿಂದ ಹೆಡ್ಡಿಗೆ ಹಾರುತ್ತದೆ. ಆಗ ನೀವು ಮತ್ತೆ ಇಲ್ಲೇ ಬಂದು ಇದೇ ಪ್ರಶ್ನೆ ಕೇಳುತ್ತೀರಿ.

ಬಲಗಡೆಯದು ಬಾರದಿರಲು ಕಾರಣ ರಬ್ಬರ್ ಪ್ಲಗ್ಗಿನ ಪಿಂಗಾಣಿಗೆ ಅಂಟಿರುವುದು. ಎಂಜಿನ್ ಪೂರ್ತಿ ತಣ್ಣಗಿರಲಿ. ಕಾಯಿಲ್‌ಗೆ ವೈರ್ ಜೋಡಿಸುವ ಕಪ್ಲರಿನ ಲಾಕ್ ಒತ್ತಿ ಮೊದಲು ಕಪ್ಲರ್ ಬಿಡಿಸಿ. ಈಗ ಕಾಯಿಲ್ ತಲೆಯನ್ನು ಕೈಯಲ್ಲೇ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಇರಿ. ಎಳೆಯಬೇಡಿ, ಬರೀ ತಿರುಗಿಸಿ. ಅಂಚಿಗೆ ಸ್ವಲ್ಪ ಸಿಲಿಕೋನ್ ಸ್ಪ್ರೇ ಬಿಟ್ಟು ಕಾಯಿರಿ. ಸುಲಭವಾಗಿ ತಿರುಗಲು ಶುರುವಾದ ಮೇಲೆ ನೇರ ಮೇಲಕ್ಕೆ ಎತ್ತಿ. ವೈರ್ ಹಿಡಿದು ಎತ್ತುವ ಮಾತೇ ಇಲ್ಲ. ರಬ್ಬರ್ ಹರಿದು ಕೆಳಗೆ ಉಳಿದರೆ ಗಾಬರಿ ಬೇಡ, ಉದ್ದ ಮೂತಿಯ ಪ್ಲೇಯರಿನಲ್ಲಿ ಅದನ್ನು ಮಾತ್ರ ತೆಗೆಯಿರಿ.

ಪ್ಲಗ್ಗಿಗೆ ಈಗಲೇ ಕೈ ಹಾಕಬೇಡಿ. ಸಿರಿಂಜಿಗೆ ಪೈಪ್ ಸಿಕ್ಕಿಸಿ ನೀರು ಎಳೆಯಿರಿ, ಆಮೇಲೆ ಕನ್ನಡಕ ಹಾಕಿಕೊಂಡು ಏರ್ ಹೊಡೆಯಿರಿ. ಆ ತುಕ್ಕು, ಮರಳು ಹಾಗೇ ಇದ್ದು ಪ್ಲಗ್ ಬಿಚ್ಚಿದರೆ ಎಲ್ಲ ಸಿಲಿಂಡರ್ ಒಳಗೆ ಹೋಗುತ್ತದೆ. ಹೆಡ್ಡಿನ ಬದಿಯಲ್ಲಿ ಪ್ಲಗ್ ಗುಂಡಿಯ ನೀರು ಹೊರಹೋಗಲು ಸಣ್ಣ ತೂತು ಇದೆಯಾ ಹುಡುಕಿ. ಇದ್ದರೆ ಅದರಲ್ಲಿ ಕೆಸರು ಕಟ್ಟಿರುತ್ತದೆ, ತೆಳ್ಳನೆಯ ತಂತಿ ಹಾಕಿ ಬಿಡಿಸಿ. ನೀರು ನಿಲ್ಲುವ ಕಾರಣ ಬಿಟ್ಟು ಕಾಯಿಲ್ ಮಾತ್ರ ಬದಲಾಯಿಸಿದರೆ ಹೊಸದೂ ಹೀಗೇ ಹಾಳಾಗುತ್ತದೆ. ಗುಂಡಿಯಲ್ಲಿ ನೀರಿನ ಬದಲು ಆಯಿಲ್ ಇದ್ದರೆ ಬೇರೆ ಕೆಲಸ, ವಾಲ್ವ್ ಕವರಿನ ಸೀಲ್ ಹೋಗಿದೆ.

ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಸ್ಪಾರ್ಕ್ ಅಲ್ಲೇ ಜಾರಿ ಹೋಗುತ್ತಿತ್ತು. ಆಗ ಪ್ಲಗ್, ರಬ್ಬರ್ ಎರಡೂ ಹೊಸದು ಹಾಕಿ. ಕೂರಿಸುವಾಗ ಎಲ್ಲ ಒಣಗಿರಲಿ. ಪ್ಲಗ್ ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಮ್ಯಾನುಯಲ್‌ನ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿ ಮಾಡಿ. ಹೆಡ್ಡಿನ ಅಲ್ಯುಮಿನಿಯಂ ಮರೆ (ಥ್ರೆಡ್) ಹೋದರೆ ಹೆಡ್ ಕೆಲಸ. ಕಾಯಿಲ್ ಪ್ಲಗ್ಗಿನ ಮೇಲೆ ಕೂತದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ನೇರ ಒತ್ತಿ. ಎಡ ಬಲದ ಕಪ್ಲರ್ ಅದಲು ಬದಲಾಗದ ಹಾಗೆ ಮೊದಲೇ ಟೇಪ್ ಅಂಟಿಸಿ. ಲಾಕ್ ಟಕ್ ಅನ್ನಬೇಕು. ಟ್ಯಾಂಕ್ ಕೆಳಗೆ ವೈರ್ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಆಮೇಲೂ ಒಂದು ಸಿಲಿಂಡರ್ ಸತ್ತಿದ್ದರೆ ಕಾಯಿಲ್‌ಗಳನ್ನು ಮಾತ್ರ ಎಡ ಬಲ ಬದಲಾಯಿಸಿ ನೋಡಿ, ಕಪ್ಲರ್ ಇದ್ದಲ್ಲೇ ಇರಲಿ. ತೊಂದರೆ ಕಾಯಿಲ್ ಜೊತೆ ಆಚೆ ಹೋದರೆ ಕಾಯಿಲ್ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಕಾಯಿಲ್ ಸರಿ ಇದೆ. ಬಿಚ್ಚಿದ ಎರಡರ ಫೋಟೋ ಹಾಕಿ.

ಶಿರಸಿ: ತುಂಬಾ ಉಪಕಾರ ಅಣ್ಣಾ. ಟ್ಯಾಂಕ್ ಹೊರಗೆ ಇಟ್ಟೆ. ಈಗ ತಿರುಗಿಸುತ್ತಿದ್ದೇನೆ.

ಬಳ್ಳಾರಿ: ಸರ್ ನನ್ನ ಗಾಡಿನೂ ಬಿಸಿ ಆದಮೇಲೆ ಆಫ್ ಆಗ್ತದೆ. ಕಾಯಿಲ್ಲಾ?

ಮೆಕ್ಯಾನಿಕ್: ಮೇಲೆ ಹಾಸನದವರಿಗೆ ಬರೆದಿದ್ದೇನೆ.

ಮೈಸೂರು: ಒಂದು ಅನುಭವದ ಮಾತು ಹೇಳುತ್ತೇನೆ. ಪ್ಲಗ್ ಕ್ಯಾಪ್ ಒಳಗೆ ರೆಸಿಸ್ಟರ್ ಅಂತ ಇರುತ್ತದೆ. ಅದನ್ನು ತೆಗೆದು ತಾಮ್ರದ ತಂತಿ ಹಾಕಿದರೆ ಪಿಕಪ್ ಜಾಸ್ತಿ. ನನ್ನ ಯೆಜ್ಡಿಯಲ್ಲಿ ವರ್ಷಗಳಿಂದ ಹೀಗೇ ಇದೆ.

ದಾವಣಗೆರೆ: ತಪ್ಪು ಸಲಹೆ ಕೊಡಬೇಡಿ ಸರ್. ರೆಸಿಸ್ಟರ್ ಸುಮ್ನೆ ಇಟ್ಟಿರುತ್ತಾರಾ?

ಮೈಸೂರು: ನೋಡಿ, ನಮ್ಮ ಯಾದವಗಿರಿ ಫ್ಯಾಕ್ಟರಿಯಿಂದ ಹೊರಬಂದ ಗಾಡಿ ಇದು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು, ಗಾಡಿ ಇನ್ನೂ ಓಡುತ್ತಿದೆ. ನನಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾ?

ದಾವಣಗೆರೆ: ಯೆಜ್ಡಿ ಬಗ್ಗೆ ನಾನು ಏನೂ ಹೇಳಿಲ್ಲ. ಇಲ್ಲಿ ಜಾಸ್ತಿ ಜನ ಇಂಜೆಕ್ಷನ್ ಗಾಡಿಯವರು. ಅವರು ನಿಮ್ಮ ಮಾತು ಕೇಳಿ ಇಸಿಯು ಕೆಡಿಸಿಕೊಂಡರೆ ನೀವು ದುಡ್ಡು ಕೊಡುತ್ತೀರಾ?

ಬೆಂಗಳೂರು: ಇಬ್ಬರೂ ನಿಲ್ಲಿಸಿ. ಕಂಪನಿ ಸರ್ವಿಸ್ ಸೆಂಟರಿಗೆ ಕೊಡಿ, ಮುಗೀತು. ರಸ್ತೆ ಬದಿಯವರ ಕೈಗೆ ಕೊಡೋದೇ ತಪ್ಪು.

ಹುಬ್ಬಳ್ಳಿ: ರಸ್ತೆ ಬದಿ ಅಂದ್ರ ಏನ್ರೀ? ಇಲ್ಲಿ ಉತ್ತರ ಕೊಡೋರೂ ಸಣ್ಣ ಗ್ಯಾರೇಜಿನವರ. ಮಾತು ನೋಡಿ ಆಡ್ರಿ.

ಮಂಡ್ಯ: ಗುರುಗಳೇ ಆರ್‌ಎಕ್ಸ್ 100. ಒರಿಜಿನಲ್ ಕಾಯಿಲ್ ಸಿಗ್ತಿಲ್ಲ. ಬೇರೆ ಬೈಕಿನ ಕಾಯಿಲ್ ಅಳತೆಗೆ ಸರಿಯಾಗಿ ಕೂರುತ್ತದೆ. ಹಾಕಬಹುದಾ?

ಮೈಸೂರು: ಬೆಂಗಳೂರಿನವರಿಗೆ ಸ್ಪ್ಯಾನರ್ ಹಿಡಿಯೋಕೆ ಬರುತ್ತಾ ಅಂತ ಮೊದಲು ಕೇಳಿ.

ಮೆಕ್ಯಾನಿಕ್: ರೆಸಿಸ್ಟರ್ ವಿಷಯ ಒಂದೇ ಸಲ ಹೇಳುತ್ತೇನೆ. ಕ್ಯಾಪ್ ಒಳಗಿರುವುದು ಸಾಮಾನ್ಯವಾಗಿ 5 ಕಿಲೋ ಓಮ್. ಸ್ಪಾರ್ಕ್ ಹಾರುವಾಗ ಹುಟ್ಟುವ ವಿದ್ಯುತ್ ಗಲಾಟೆಯನ್ನು ಅದು ತಗ್ಗಿಸುತ್ತದೆ. ಎಲೆಕ್ಟ್ರಾನಿಕ್ ಬಾಕ್ಸ್ ಬದಲು ಪಾಯಿಂಟ್ (ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಹಳೇ ಗಾಡಿಯಲ್ಲಿ ಅದಿಲ್ಲದಿದ್ದರೆ ಪಕ್ಕದ ಮನೆಯ ರೇಡಿಯೋ ಗುರ್ ಅನ್ನಬಹುದು, ಗಾಡಿಗೆ ದೊಡ್ಡ ತೊಂದರೆ ಇಲ್ಲ. ಇಸಿಯು, ಸೆನ್ಸರ್ ಇರುವ ಗಾಡಿಯಲ್ಲಿ ಅದೇ ಗಲಾಟೆ ಸೆನ್ಸರಿನ ಸಿಗ್ನಲ್ ಕೆಡಿಸುತ್ತದೆ. ಪಿಕಪ್ ಎಲ್ಲೂ ಜಾಸ್ತಿ ಆಗುವುದಿಲ್ಲ. ತೆಗೆಯಬೇಡಿ.

ಮಂಡ್ಯದವರಿಗೆ: ಅಳತೆ ನೋಡಿ ಹಾಕಬೇಡಿ. ಆರ್‌ಎಕ್ಸ್ 100 ಸಿಡಿಐ ಗಾಡಿ. ಸಿಡಿಐ ಅನ್ನುವ ಇಗ್ನಿಷನ್ ಬಾಕ್ಸ್ ಒಳಗಿನ ಕೆಪ್ಯಾಸಿಟರ್ ನೂರಾರು ವೋಲ್ಟನ್ನು ಒಂದೇ ಏಟಿಗೆ ಕಾಯಿಲ್‌ಗೆ ಸುರಿಯುತ್ತದೆ. ಬ್ಯಾಟರಿಯ 12 ವೋಲ್ಟಿನಲ್ಲಿ ಕೆಲಸ ಮಾಡುವ ಕಾಯಿಲ್ ಬೇರೆ ಜಾತಿ. ಹೊರಗೆ ಎರಡೂ ಒಂದೇ ಥರ ಕಾಣುತ್ತವೆ. ಬ್ಯಾಟರಿ ಕಾಯಿಲ್ ಸಿಡಿಐ ಗಾಡಿಗೆ ಹಾಕಿದರೆ ಸ್ಪಾರ್ಕ್ ವೀಕ್, ಸಿಡಿಐ ಕಾಯಿಲ್ ಆ 12 ವೋಲ್ಟ್ ಗಾಡಿಗೆ ಹಾಕಿದರೆ ಕರೆಂಟ್ ಜಾಸ್ತಿಯಾಗಿ ಇಗ್ನಿಷನ್ ಬಾಕ್ಸ್ ಸುಡಬಹುದು. ಸಿಡಿಐ ಗಾಡಿಗೆ ಸಿಡಿಐ ಕಾಯಿಲ್ಲೇ ಕೇಳಿ ತನ್ನಿ.

ಕೋಲಾರ: ಅಪಾಚೆ ಕಾಯಿಲ್ ರೇಟ್ ಎಷ್ಟು?

ತುಮಕೂರು: (ಫಾರ್ವರ್ಡ್ ಆಗಿದ್ದು) ಕಾಯಿಲ್ ಚೆಕ್ ಮಾಡುವ ಸುಲಭ ವಿಧಾನ: ಪ್ಲಗ್ ಕ್ಯಾಪಿಗೆ ಬೆರಳಿಟ್ಟು ಕಿಕ್ ಹೊಡೆಯಿರಿ. ಜುಮ್ ಅಂದರೆ ಕಾಯಿಲ್ ಸರಿ ಇದೆ!

ಮೆಕ್ಯಾನಿಕ್: ಅಡ್ಮಿನ್, ಇದನ್ನು ದಯವಿಟ್ಟು ಅಳಿಸಿ. ತುಮಕೂರಿನವರೇ, ಇದು ಎರಡನೇ ಸಲ. ಯಾರೋ ಹುಡುಗ ಇದನ್ನು ಓದಿ ಬೆರಳಿಟ್ಟರೆ? ಹೃದಯದ ತೊಂದರೆ ಇರುವವರು ಇಟ್ಟರೆ? ಓದದೆ ಕಳಿಸುವುದನ್ನು ನಿಲ್ಲಿಸಿ.

ತುಮಕೂರು: ಬಂದದ್ದನ್ನು ಹಾಕಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಮೆಕ್ಯಾನಿಕ್: ಸಿಟ್ಟು ಬರುವ ವಿಷಯ, ಅದಕ್ಕೆ.

ಉಡುಪಿ: ಹೃದಯದ ಮಾತು ಬಂದದ್ದಕ್ಕೆ ಕೇಳುತ್ತಿದ್ದೇನೆ. ನಮ್ಮ ತಂದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ತಮ್ಮ ಬುಲೆಟ್ಟಿನ ಕೆಲಸ ಈಗಲೂ ತಾವೇ ಮಾಡಿಕೊಳ್ಳುತ್ತಾರೆ. ಕಾಯಿಲ್ ಬಿಚ್ಚಬಹುದಾ?

ಮೆಕ್ಯಾನಿಕ್: ಬ್ಯಾಟರಿ ಬಿಚ್ಚಿ, ಎಂಜಿನ್ ಆಫ್ ಇದ್ದಾಗ ಕಾಯಿಲ್ ತೆಗೆಯುವುದು, ಹಾಕುವುದು ಬರೀ ಸ್ಪ್ಯಾನರ್ ಕೆಲಸ. ಆದರೆ ಸ್ಪಾರ್ಕ್ ನೋಡುವುದು ಅವರು ಮಾಡಲೇಬಾರದು, ಅದನ್ನು ನೀವು ಮಾಡಿ. ಎಂಜಿನ್ ಓಡುತ್ತಿರುವಾಗ ಕಾಯಿಲ್, ಪ್ಲಗ್ ವೈರಿನಿಂದ ಪೇಸ್‌ಮೇಕರ್ ಕನಿಷ್ಠ ಒಂದು ಅಡಿ ದೂರ ಇರಬೇಕು. ಅಂದರೆ ಬಗ್ಗಿ ಟ್ಯೂನಿಂಗ್ ಮಾಡುವುದೂ ಬೇಡ. ಎಷ್ಟು ದೂರ ಅಂತ ಅವರ ಹೃದಯದ ಡಾಕ್ಟರನ್ನು ಕೇಳಿ, ಅವರ ಮಾತೇ ಕೊನೆಯದು. ಅಪ್ಪಾಜಿಗೆ ನಾನು ಹೇಳಿದೆ ಅಂತ ಹೇಳಿ, ಗಾಡಿ ಕೆಲಸ ಬಿಡಬೇಕಿಲ್ಲ, ಈ ಒಂದು ಕೆಲಸ ಬೇರೆಯವರಿಗೆ ಬಿಡಲಿ.

ಬೆಂಗಳೂರು: ಅದಕ್ಕೇ ನಾನು ಹೇಳಿದ್ದು, ಸರ್ವಿಸ್ ಸೆಂಟರಿಗೆ ಕೊಡಿ ಅಂತ.

ದಾವಣಗೆರೆ: ಎಲ್ಲದಕ್ಕೂ ಅದೇ ಉತ್ತರ ಆದರೆ ಈ ಗ್ರೂಪ್ ಯಾಕೆ? ನೀವು ಹೊರಗೆ ಹೋಗಬಹುದು.

ಬೆಂಗಳೂರು: ನೀವು ಯಾರು ಹೇಳೋಕೆ?

ಅಡ್ಮಿನ್: ಇಬ್ಬರಿಗೂ ಕೊನೆಯ ಸಲ ಹೇಳುತ್ತಿದ್ದೇನೆ.

ರಾಯಚೂರು: ಸರ್, ಗಾಡಿ ಬಿಸಿ ಆದ್ರೆ ಬಂದ್ ಆಗ್ತದ...

ಮೆಕ್ಯಾನಿಕ್: ಮೇಲೆ ಇದೆ.

ಕೋಲಾರ: ಅಪಾಚೆ ಕಾಯಿಲ್ ರೇಟ್ ಹೇಳಿ ಅಣ್ಣಾ.

ಶಿರಸಿ: ಅಣ್ಣಾ, ಬಲಗಡೆಯದು ಬಂತು! ರಬ್ಬರ್ ಹರಿಯಲಿಲ್ಲ. ಹೆಡ್ಡಿನ ಬದಿಯ ತೂತಿನಿಂದ ಗಟ್ಟಿ ಕೆಸರು ಬಂತು. ಬಲಗಡೆ ಪ್ಲಗ್ಗಿನ ಮೇಲೆ ನೀವು ಹೇಳಿದ ಕಪ್ಪು ಗೆರೆ ಇದೆ. ಫೋಟೋ ಹಾಕಿದ್ದೇನೆ. ಎಡಗಡೆಯದು ಚೊಕ್ಕಟ.

ಮೆಕ್ಯಾನಿಕ್: ನೋಡಿದೆ. ಬಲಗಡೆ ಪ್ಲಗ್ ಹೋಯಿತು. ಪ್ಲಗ್ ಎರಡೂ ಹೊಸದು ಹಾಕಿ. ರಬ್ಬರಿನ ಒಳಗೂ ಅದೇ ಜಾಗದಲ್ಲಿ ಗೆರೆ ಇದೆ, ಫೋಟೋ ದೊಡ್ಡದು ಮಾಡಿ ನೋಡಿ. ರಬ್ಬರ್ ಬಿಡಿಯಾಗಿ ಸಿಕ್ಕರೆ ಸರಿ, ಸಿಗದಿದ್ದರೆ ಬಲಗಡೆ ಕಾಯಿಲ್ ಬದಲಾಯಿಸಬೇಕು. ಆದರೆ ಎಡಗಡೆಯದು ಚೊಕ್ಕಟ ಅಂದ ಮಾತ್ರಕ್ಕೆ ಸರಿ ಇದೆ ಅನ್ನಬೇಡಿ, ನೇತುಹಾಕಿ ಹೊಡೆದದ್ದು ಅದನ್ನೇ ಅಲ್ವಾ? ಕಪ್ಲರಿನ ಎರಡು ಪಿನ್ ನಡುವೆ ಮೀಟರ್ ಹಿಡಿಯಿರಿ, ಕೆಲವೇ ಓಮ್ ಬರಬೇಕು. ಮ್ಯಾನುಯಲ್‌ನ ಅಂಕಿಗೆ ಹೋಲಿಸಿ. ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ಮೀಟರಿಗೆ ಸರಿಯಾಗೇ ತೋರಿಸುತ್ತದೆ. ಹಾಗಾಗಿ ಜೋಡಿಸಿದ ಮೇಲೆ ಮೊದಲು ಊರೊಳಗೇ ಓಡಿಸಿ. ಘಾಟಿಗೆ ಈಗಲೇ ಇಳಿಯಬೇಡಿ.

ಶಿರಸಿ: ಸರಿ ಅಣ್ಣಾ. ಪ್ಲಗ್ ಇಲ್ಲಿ ಸಿಗಲ್ಲ, ಹುಬ್ಬಳ್ಳಿಯಿಂದ ತರಿಸುತ್ತೇನೆ.

ಹುಬ್ಬಳ್ಳಿ: ನಂಬರ್ ಕಳಸ್ರಿ, ನಾ ನಾಳೆ ಅಂಗಡ್ಯಾಗ ಕೇಳ್ತೀನಿ. ಅಣ್ಣಾರ, ನಂದೂ ಸಿಕ್ತು. ಎಡಗಡೆ ಕ್ಯಾಪ್ ಒಳಗ ವೈರ್ ಪೂರಾ ಹಸಿರಾಗಿತ್ತು.

ಮೆಕ್ಯಾನಿಕ್: ಕತ್ತರಿಸಿ ಹಾಕಿ ನೋಡಿ, ನಾಳೆ ಬರೆಯಿರಿ. ನಾನು ಅಂಗಡಿ ಬಾಗಿಲು ಹಾಕುತ್ತಿದ್ದೇನೆ.

ಚಿತ್ರದುರ್ಗ: ಸರ್ ಒಂದೇ ಪ್ರಶ್ನೆ. ಬಿಸಿ ಆದಮೇಲೆ ಆಫ್ ಆಗುತ್ತೆ, ಕಾಯಿಲ್ ಬದಲಾಯಿಸಲಾ?