ಬಿ.ಪಿ. ಮಾತ್ರೆಗಳು: ಹಳೆಯ ಚೀಟಿಯದನ್ನೂ ಹೊಸ ಚೀಟಿಯದನ್ನೂ ಒಟ್ಟಿಗೆ ನುಂಗಬಹುದೇ?

ಪ್ರಶ್ನೆ (ಸೋಮವಾರಪೇಟೆಯಿಂದ):
ನನ್ನ ತಂದೆಯವರಿಗೆ 74 ವರ್ಷ. ಬಿ.ಪಿ.ಗೆಂದು ಬಹಳ ಕಾಲದಿಂದ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಇತ್ತೀಚೆಗೆ ಮೈಸೂರಿನಲ್ಲಿ ತೋರಿಸಿದಾಗ ಬೇರೆ ಹೆಸರಿನ ಬಿ.ಪಿ. ಮಾತ್ರೆ ಬರೆದುಕೊಟ್ಟರು. ಮೂತ್ರದ ತೊಂದರೆಗೆ ಇನ್ನೊಬ್ಬ ವೈದ್ಯರು ರಾತ್ರಿಗೆ ಟ್ಯಾಮ್ಸುಲೋಸಿನ್ ಕೊಟ್ಟಿದ್ದಾರೆ. ತಂದೆಯವರು ಹಳೆಯದನ್ನೂ ಬಿಡದೆ ಮೂರನ್ನೂ ನುಂಗುತ್ತಿದ್ದು, ಈಗ ರಾತ್ರಿ ಎದ್ದರೆ ಕಣ್ಣು ಕತ್ತಲೆ ಕಟ್ಟಿ ಗೋಡೆ ಹಿಡಿದು ನಿಲ್ಲುವಂತಾಗಿದೆ. ಈ ಮಳೆಯಲ್ಲಿ ತೋಟದ ಮನೆಯಿಂದ ಅವರನ್ನು ಮತ್ತೆ ಮೈಸೂರಿಗೆ ಕರೆದೊಯ್ಯುವುದು ಸುಲಭವಲ್ಲ. ಯಾವುದನ್ನಾದರೂ ನಿಲ್ಲಿಸಬಹುದೇ?

ಉತ್ತರ 1 (ಗೋಣಿಕೊಪ್ಪ, ಔಷಧದ ಅಂಗಡಿ):
ಎರಡು ಬಗೆಯ ಬಿ.ಪಿ. ಔಷಧ ಸೇರಿಸಿ ಕೊಡುವುದು ತಪ್ಪಲ್ಲ. ಒಂದರ ಪ್ರಮಾಣವನ್ನೇ ಏರಿಸುತ್ತ ಹೋಗುವುದಕ್ಕಿಂತ, ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದೇ ಎಷ್ಟೋ ಸಲ ಮೇಲು. ಒಂದೇ ಔಷಧ ಎರಡು ಹೆಸರಿನಲ್ಲಿ ಮನೆಗೆ ಬಂದಾಗ ಅಪಾಯ. ಶೀಟಿನ ಮೇಲೆ ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಟ್ಟು ಸಣ್ಣಕ್ಷರದ ಸಾಲನ್ನು ಓದಿ. ಅಲ್ಲಿ ‘ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5’ ಎಂದಿದ್ದರೆ ಟೆಲ್ಮಿಸಾರ್ಟನ್ ದಿನಕ್ಕೆ 80 ಆಗುತ್ತಿದೆ ಎಂದರ್ಥ. ಹೆಚ್ಚುಕಡಿಮೆ ಟೆಲ್ಮಿಸಾರ್ಟನ್ ದಾರಿಯಲ್ಲೇ ಕೆಲಸ ಮಾಡುವ ರಾಮಿಪ್ರಿಲ್ ಅಥವಾ ಎನಲಾಪ್ರಿಲ್ ಇದ್ದರಂತೂ ಕೂಡಲೇ ವೈದ್ಯರಿಗೆ ಹೇಳಬೇಕು. ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್ ಜೊತೆಯಾಗಿ ಕೊಟ್ಟು ನೋಡಿದ, 2008ರಲ್ಲಿ ಪ್ರಕಟವಾದ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಹೆಚ್ಚಿನ ಲಾಭವೇನೂ ಕಾಣದೆ, ಬಿ.ಪಿ. ಕುಸಿತ ಮತ್ತು ಮೂತ್ರಪಿಂಡದ ತೊಂದರೆಗಳೇ ಹೆಚ್ಚಿದವು.

ಉತ್ತರ 2 (ವಿರಾಜಪೇಟೆ, ನಿವೃತ್ತ ಸ್ಟಾಫ್ ನರ್ಸ್):
ಟ್ಯಾಮ್ಸುಲೋಸಿನ್ ಬಿ.ಪಿ. ಮಾತ್ರೆಯಲ್ಲವೆಂದು ಹಲವರು ಅದನ್ನು ವೈದ್ಯರಿಗೆ ಹೇಳುವುದೇ ಇಲ್ಲ. ಆದರೆ ಅದು ರಕ್ತನಾಳಗಳನ್ನೂ ಸ್ವಲ್ಪ ಸಡಿಲಿಸುವುದರಿಂದ, ಉಳಿದ ಮಾತ್ರೆಗಳ ಜೊತೆ ಸೇರಿದಾಗ ಎದ್ದು ನಿಂತೊಡನೆ ಬಿ.ಪಿ. ಇಳಿಯಬಹುದು. ತಂದೆಯವರನ್ನು ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ನಿಂತ ಮೇಲೆ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ನಿಲ್ಲುವಾಗ ಒಬ್ಬರು ಪಕ್ಕದಲ್ಲಿರಲಿ. ಮೇಲಿನ ಸಂಖ್ಯೆ 20, ಇಲ್ಲವೇ ಕೆಳಗಿನದು 10 ಇಳಿದರೆ ಬರೆದಿಡಿ.

ಇನ್ನೊಂದು ಮಾತು, ಮೊಣಕಾಲು ನೋವಿಗೆ ಡೈಕ್ಲೋಫಿನ್ಯಾಕ್ ನುಂಗುತ್ತಿದ್ದಾರೆಯೇ? ತೋಟದ ಏರುತಗ್ಗಿನಲ್ಲಿ ಓಡಾಡುವ ಹಿರಿಯರಿರುವ ನಮ್ಮ ಕಡೆಯ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆ (ಟ್ಯಾಮ್ಸುಲೋಸಿನ್ ಅಲ್ಲ, ಡೈಯುರೆಟಿಕ್) ಮತ್ತು ಈ ನೋವಿನ ಮಾತ್ರೆ ಮೂರೂ ಕೂಡಿದರೆ, ಅದರಲ್ಲೂ ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದಾಗ, ಮೂತ್ರಪಿಂಡ ಹಠಾತ್ತನೆ ಸೋಲಬಹುದು. ಹಾಗೆಂದು ನೀವೇ ಎಲ್ಲವನ್ನೂ ನಿಲ್ಲಿಸಬೇಡಿ: ಅಟೆನೊಲಾಲ್, ಕ್ಲೊನಿಡಿನ್‌ನಂಥ ಬಿ.ಪಿ. ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಬಿ.ಪಿ. ಏರಿಬಿಡುತ್ತದೆ.

ಪ್ರಶ್ನೆ ಕೇಳಿದವರು:
ಶೀಟು ಓದಿದೆ. ಎರಡರಲ್ಲೂ ಟೆಲ್ಮಿಸಾರ್ಟನ್ ಇದೆ. ನೋವಿನ ಮಾತ್ರೆಯನ್ನೂ ಆಗಾಗ ನುಂಗುತ್ತಾರಂತೆ, ಅಮ್ಮನಿಗೂ ಗೊತ್ತಿರಲಿಲ್ಲ.

ಉತ್ತರ 2:
ಹಾಗಾದರೆ ಇಂದೇ ಮೈಸೂರಿನ ವೈದ್ಯರಿಗೆ ಫೋನ್ ಮಾಡಿ, ಹಳೆಯದನ್ನು ಬಿಡಿಸಲೆಂದೇ ಹೊಸದನ್ನು ಬರೆದರೇ ಎಂದು ಕೇಳಿ. ನೋವಿನ ಮಾತ್ರೆಯ ವಿಷಯವನ್ನೂ ತಿಳಿಸಿ. ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಗೆ ಮಡಿಕೇರಿಯಲ್ಲೇ ರಕ್ತ ಕೊಡಬಹುದು. ತಂದೆಯವರು ಪ್ರಜ್ಞೆ ತಪ್ಪಿ ಬಿದ್ದರೆ ಅಥವಾ ಮೂತ್ರ ತೀರಾ ಕಡಿಮೆಯಾದರೆ, ಫೋನಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.